ಹೊಳೆಯೊಳಗಿನ ಕಲ್ಲು

 

ಎಲಿಯಾನ್ ರಾಡಿಗ್ 1932ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಸಂಗೀತಗಾರ್ತಿ. ಅವರ ಬಹುಪಾಲು ಸಂಗೀತದಲ್ಲಿ ಹಾಡಿಲ್ಲ, ತಾಳವಿಲ್ಲ. ಸಿಂಥಸೈಜರ್ ಎಂಬ ಯಂತ್ರದಿಂದ ಹೊರಡಿಸಿದ ನಾದ ಕಿವಿಗೆ ಗೊತ್ತೇ ಆಗದಷ್ಟು ನಿಧಾನವಾಗಿ, ಒಮ್ಮೊಮ್ಮೆ ಒಂದು ಗಂಟೆಯವರೆಗೆ, ಬದಲಾಗುತ್ತ ಹೋಗುತ್ತದೆ. 1974ರ ‘ಆಡ್ನೋಸ್’ ಕೃತಿಗೆ ಅವರು ಹೊಳೆಯನ್ನು ನೆನೆದರು: ತಳದ ಕಲ್ಲು ಸರಿಸಿದರೆ ಹೊಳೆಯ ದಾರಿ ಬದಲಾಗದು, ನೀರು ಹರಿಯುವ ಬಗೆ ಬದಲಾಗುತ್ತದೆ. ಯಂತ್ರ ಬಿಟ್ಟ ಮೇಲೆ ವಾದ್ಯಗಾರರೊಡನೆ 2011ರಿಂದ ಕಟ್ಟಿದ ಕೃತಿಮಾಲೆಯ ಹೆಸರಲ್ಲೇ ಸಾಗರವಿದೆ.

‘ಆಡ್ನೋಸ್’ ಮುಗಿದ ಮೇಲೆ ಅವರು ಟಿಬೆಟನ್ ಬೌದ್ಧ ಮಾರ್ಗಕ್ಕೆ ಬಂದು ಕೆಲವು ವರ್ಷ ಸಂಗೀತವನ್ನೇ ನಿಲ್ಲಿಸಿದರು. ಸಂಗೀತಕ್ಕೆ ಮರಳು ಎಂದವರು ಗುರುವೇ. ಸಾವಿನಾಚೆಯ ಪಯಣವನ್ನು ಹೇಳುವ ಟಿಬೆಟ್‌ನ ಗ್ರಂಥದಿಂದಲೂ ಮುಂದೆ ಕೃತಿ ರಚಿಸಿದರು. ಬಾಬಾಸಾಹೇಬರನ್ನು ಓದಿದ ನಮಗೆ ಆ ಮಾತು ಒಪ್ಪಿಗೆಯಾಗದು. ಅದಿರಲಿ.

ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ನೀರಿನ ಸದ್ದನ್ನು ಆಲಿಸುತ್ತ ಕೂರುವುದು ನಮ್ಮಂಥವರಿಗೆ ಸಲ್ಲುವುದೇ? ನಮ್ಮ ಊರಿನ ಹೆಸರಿನಲ್ಲೇ ಕೆರೆಯಿದೆ. ಆದರೆ ನಮ್ಮ ಹಿರಿಯರಿಗೆ ನೀರು ಕೇಳುವ ವಸ್ತುವಲ್ಲ, ಮುಟ್ಟಬಾರದ ವಸ್ತು. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಬಾಬಾಸಾಹೇಬರು ಇಳಿದು ಬೊಗಸೆ ನೀರು ಕುಡಿದರು. ಆ ಹಕ್ಕು ಬಾಂಬೆ ಹೈಕೋರ್ಟಿನಲ್ಲಿ ಗಟ್ಟಿಯಾಗಲು 1937 ಬರಬೇಕಾಯಿತು. ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಸಿದ್ಧಾರ್ಥ ಮನೆ ಬಿಡುವುದು ಮುದುಕ, ರೋಗಿ, ಹೆಣ ಕಂಡಲ್ಲ, ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟಾಗ, ಅದು ಬೇಡವೆಂದದ್ದಕ್ಕೆ. ಅಂದರೆ ನಮ್ಮ ಧಮ್ಮವೂ ನೀರಿನ ನ್ಯಾಯದಿಂದಲೇ ಹೊರಟದ್ದು. ನ್ಯಾಯ ಸಿಗುವ ಮೊದಲು ಆಲಿಸುವುದು ಉಂಡವರ ಮಾತು ಎಂದುಕೊಂಡೆ.

ಆದರೆ ಅಜ್ಜಿ ನೆನಪಾದಳು. ಬಾವಿಕಟ್ಟೆಯಿಂದ ದೂರ ಬಿಂದಿಗೆ ಇಟ್ಟು, ಯಾರಾದರೂ ಸೇದಿ ಎತ್ತರದಿಂದ ಹುಯ್ಯಲೆಂದು ಕಾಯುತ್ತಿದ್ದಳಂತೆ. ಹುಯ್ಯುವವರತ್ತ ತಲೆ ಎತ್ತುವಂತಿರಲಿಲ್ಲ. ಬಿಂದಿಗೆ ತುಂಬುತ್ತ ಬಂದಂತೆ ಸದ್ದು ಸಣ್ಣಗೆ ಏರುತ್ತದಲ್ಲ, ಅದರಿಂದಲೇ ಎಷ್ಟು ತುಂಬಿತೆಂದು ತಿಳಿಯುತ್ತಿದ್ದಳು. ಅಷ್ಟು ಎಚ್ಚರದಿಂದ ನೀರನ್ನು ಆಲಿಸಿದವರು ಇನ್ಯಾರು? ಆ ಎಚ್ಚರ ಅವಳದು. ಅದನ್ನು ಅವಳಿಗೆ ಹೇರಿದವರದ್ದಲ್ಲ.

ಮೊನ್ನೆ ರಾತ್ರಿ ಇಯರ್‌ಫೋನ್ ಹಾಕಿಕೊಂಡು ರಾಡಿಗ್ ಅವರ ನಾದ ಕೇಳಿದೆ. ಮೊದಲು ಬೇಸರ, ಹತ್ತು ನಿಮಿಷವಾದರೂ ಏನೂ ಆಗಲಿಲ್ಲ. ಆಮೇಲೆ ಎಲ್ಲೋ ಒಂದೆಳೆ ಸಣ್ಣಗೆ ಏರತೊಡಗಿತು. ಚೆಂದ ಎನ್ನಲು ಬಾಯಿ ಬರಲಿಲ್ಲ. ಕಿವಿಯಿಂದ ತೆಗೆಯಲೂ ಆಗಲಿಲ್ಲ.