ಯಾರ ಪಾಪದ ನಿಮಿತ್ತ?

ಹುಟ್ಟುಕುರುಡನನ್ನು ಕಂಡು ಶಿಷ್ಯರು ಕರ್ತನಿಗೆ ಹಾಕಿದ ಪ್ರಶ್ನೆಯು ನಮ್ಮ ಸಭೆಗಳಲ್ಲಿ ಇನ್ನೂ ಸತ್ತಿಲ್ಲ. ಅವರು ಬಾಯಿಬಿಟ್ಟು ಕೇಳಿದರು, ನಾವು ಮರೆಯಲ್ಲಿ ಪಿಸುಗುಟ್ಟುತ್ತೇವೆ; ಇಷ್ಟೇ ಭೇದ. ಗಟ್ಟಿಮುಟ್ಟಾದ ರೈತನೊಬ್ಬನ ಕೈ ಸೊರಗಿ ನೇಗಿಲ ಮೇಣಿಯನ್ನು ಹಿಡಿಯಲಾರದೆ ಹೋಗುತ್ತದೆ. ಬಳಿಕ ಕಾಲು ಎಡವುತ್ತದೆ, ನಾಲಿಗೆ ತೊದಲುತ್ತದೆ, ಅನ್ನವು ಗಂಟಲಲ್ಲಿ ಇಳಿಯುವದಿಲ್ಲ. ಆಗ ನೆರೆಯವರು ಅವನ ನಡತೆಯನ್ನೂ ಅವನ ಹೆತ್ತವರ ನಡತೆಯನ್ನೂ ಶೋಧಿಸತೊಡಗುತ್ತಾರೆ. ಕರ್ತನಾದರೋ ಆ ಎರಡು ಊಹೆಗಳನ್ನೂ ತಳ್ಳಿಬಿಟ್ಟನು.

ಮಿದುಳಿನ ಅಪ್ಪಣೆಯನ್ನು ಸ್ನಾಯುಗಳಿಗೆ ಮುಟ್ಟಿಸುವ ನರಕೋಶಗಳು ಕ್ರಮೇಣ ಸಾಯುವದರಿಂದ ಈ ರೋಗವು ಉಂಟಾಗುತ್ತದೆ. ಇಂಥ ರೋಗಗಳಲ್ಲಿ ಬಹು ಸಾಮಾನ್ಯವಾದದ್ದು ಎ.ಎಲ್.ಎಸ್. ಎಂಬದು. ಫ್ರಾನ್ಸಿನ ಶಾರ್ಕೋ ಎಂಬ ವೈದ್ಯನು 1869ರಲ್ಲಿ ಇದನ್ನು ವಿವರಿಸಿದನು. ಕಾರಣವು ಮಾತ್ರ ಬಹುಕಾಲ ಗುಪ್ತವಾಗಿಯೇ ಇತ್ತು. ತಲೆತಲಾಂತರವಾಗಿ ಈ ರೋಗವನ್ನು ಕಂಡ ಕುಟುಂಬಗಳವರು ಪರೀಕ್ಷೆಗಾಗಿ ತಮ್ಮ ರಕ್ತವನ್ನು ಕೊಟ್ಟದ್ದರಿಂದ, 1993ರಲ್ಲಿ ಅವರಲ್ಲಿ ಕೆಲವರಿಗೆ ಎಸ್‌ಓಡಿ1 ಎಂಬ ವಂಶವಾಹಿಯಲ್ಲಿ ದೋಷವಿರುವದು ತಿಳಿದುಬಂತು. ಆ ದೋಷದಿಂದ ಕೋಶದೊಳಗಿನ ಒಂದು ಪ್ರೋಟೀನು ಸರಿಯಾಗಿ ಮಡಿಚಿಕೊಳ್ಳದೆ ಮುದ್ದೆಗಟ್ಟಿ, ಆ ಕೋಶಕ್ಕೇ ವಿಷವಾಗುತ್ತದೆ. ಒಂದು ಅಣುವಿನ ಕೊಂಕು! ಇದರಲ್ಲಿ ಯಾರ ನಡತೆಯ ಲೆಕ್ಕ ಬರೆದಿದೆ? ಅವರು ಅವಮಾನಕ್ಕೆ ಅಂಜಿ ರೋಗವನ್ನು ಮುಚ್ಚಿಟ್ಟಿದ್ದರೆ ಇದು ತಿಳಿಯುತ್ತಲೂ ಇರಲಿಲ್ಲ.

ಹಾಗಾದರೆ ತಪ್ಪು ಹೆತ್ತವರದೇ ಆಯಿತಲ್ಲಾ, ಎಂದು ಒಬ್ಬನು ವಾದಿಸಾನು. ಅವರಿಂದ ಬಂದದ್ದು ಹೌದು; ಆದರೆ ತಮಗೇ ತಿಳಿಯದೆ ತಮ್ಮಲ್ಲಿ ಇದ್ದುದನ್ನು ಕೊಟ್ಟವರನ್ನು ಅಪರಾಧಿಗಳೆನ್ನುವದು ಯಾವ ನ್ಯಾಯ? ಮೇಲಾಗಿ ಎ.ಎಲ್.ಎಸ್. ರೋಗಿಗಳಲ್ಲಿ ಹತ್ತರಲ್ಲಿ ಸುಮಾರು ಒಬ್ಬನ ಮನೆತನದಲ್ಲಿ ಮಾತ್ರ ಅದು ಮೊದಲೇ ಕಂಡಿರುತ್ತದೆ; ಎಸ್‌ಓಡಿ1 ದೋಷವುಳ್ಳವರು ನೂರರಲ್ಲಿ ಇಬ್ಬರಷ್ಟೇ. ಮಿಕ್ಕವರಲ್ಲಿ ಬಹುಮಂದಿಯ ರೋಗಕಾರಣವು ಇನ್ನೂ ಪೂರ್ಣವಾಗಿ ತಿಳಿದಿಲ್ಲ. ತಿಳಿಯದ ಆ ಸ್ಥಳದಲ್ಲಿಯೇ ನಮ್ಮ ಚಾಡಿಮಾತು ಗೂಡು ಕಟ್ಟುವದು.

ಆ ಇಬ್ಬರಿಗಾಗಿ ಟೋಫರ್ಸೆನ್ ಎಂಬ ಔಷಧವು ಉಂಟಾಗಿದೆ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಅದನ್ನು ಚುಚ್ಚಿದರೆ ಆ ಪ್ರೋಟೀನಿನ ಉತ್ಪತ್ತಿಯು ತಗ್ಗುತ್ತದೆ. ಅದರ ಪರೀಕ್ಷೆಗೆ ಒಪ್ಪಿಕೊಟ್ಟ 108 ರೋಗಿಗಳಲ್ಲಿ 36 ಮಂದಿಗೆ ಮೊದಲು ಔಷಧವಿಲ್ಲದ ದ್ರವವೇ ಸಿಕ್ಕಿತು. ಯಾರಿಗೆ ಯಾವದೆಂದು ಅವರು ಅರಿಯರು. 28 ವಾರಗಳಲ್ಲಿ, ಬಲಗುಂದುವದು ನಿಧಾನವಾಯಿತೆಂದು ನಿಶ್ಚಯವಾಗಿ ಕಾಣಲಿಲ್ಲ. ಆದರೂ ನರಗಳ ಹಾನಿಯನ್ನು ಸೂಚಿಸುವ ವಸ್ತುವು ರಕ್ತದಲ್ಲಿ ತಗ್ಗಿತು. ಅದನ್ನು ನೋಡಿ 2023ರಲ್ಲಿ ಅಮೇರಿಕವು ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ತಮಗೆ ಗುಣವಾಗುವ ಭರವಸೆ ಇಲ್ಲದೆ ಪರರಿಗಾಗಿಯೂ ಶರೀರವನ್ನು ಒಪ್ಪಿಸಿದ ಇವರ ಮುಂದೆ, ಪಾಪವನ್ನು ಎಣಿಸಹೊರಟ ನಾವು ಯಾರು?

ರೋಗಿಯನ್ನು ನೋಡಲು ಹೋಗುವ ಸಹೋದರರಿಗೆ ಇನ್ನೊಂದು ಮಾತು. ಅವನ ನಾಲಿಗೆಯು ನಿಂತುಹೋದರೂ ಹೆಚ್ಚಾಗಿ ತಿಳುವಳಿಕೆಯು ಉಳಿದಿರುತ್ತದೆ. ಮಂಚದ ಬಳಿಯಲ್ಲಿ ನಾವು ಪಿಸುಗುಟ್ಟುವದೆಲ್ಲಾ ಅವನ ಕಿವಿಗೆ ಬೀಳುತ್ತದೆ.