ಅಡ್ಮಿರಲ್‌ನ ಮುಖ, ಕುಂಬಾರನ ನಿಷ್ಠೆ

ಇಂಗ್ಲೆಂಡಿನ ಎರಡು ಬಗೆಯ ಹಳೆಯ ಪಿಂಗಾಣಿ ಜಗ್‌ಗಳನ್ನು ಅಕ್ಕಪಕ್ಕ ಇಟ್ಟು ಯೋಚಿಸಿದರೆ ನನಗೆ ಇರುಸುಮುರುಸಾಗುತ್ತದೆ. ಒಂದರ ಮೇಲೆ ನೆಲ್ಸನ್ನನ ಮುಖ. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕಾಳಗ ಗೆದ್ದು, ಅದೇ ದಿನ ಹಡಗಿನಲ್ಲೇ ಸತ್ತ ಅಡ್ಮಿರಲ್. ಇನ್ನೊಂದರ ಮೇಲೆ ಐಸಾಕ್ ಹಲ್, ಸ್ಟೀಫನ್ ಡೆಕಟರ್, ಆಲಿವರ್ ಪೆರಿಯಂಥ ಅಮೆರಿಕದ ನೌಕಾ ವೀರರು. 1812ರಲ್ಲಿ ಶುರುವಾದ ಯುದ್ಧದಲ್ಲಿ ಬ್ರಿಟಿಷ್ ಹಡಗುಗಳನ್ನು ಸೋಲಿಸಿದ್ದೇ ಇವರ ಕೀರ್ತಿ. ಸೋಜಿಗವೆಂದರೆ ಈ ಎರಡನೆಯ ಜಗ್‌ಗಳನ್ನು ಮಾಡಿದವರೂ ಇಂಗ್ಲಿಷರೇ. ಸ್ಟಾಫರ್ಡ್‌ಶೈರ್, ಲಿವರ್‌ಪೂಲ್ ಕಡೆಯ ಕಾರ್ಖಾನೆಗಳು ತಮ್ಮದೇ ನೌಕಾಪಡೆಯ ಸೋಲನ್ನು ಚೆಂದವಾಗಿ ಅಚ್ಚು ಹಾಕಿ, ಹಡಗು ತುಂಬಿಸಿ ಅಮೆರಿಕದ ಪೇಟೆಗೆ ಕಳಿಸಿದವು.

ಮನಸ್ಸೊಪ್ಪದ ಮಾತನ್ನು ದುಡ್ಡಿಗಾಗಿ ಅಚ್ಚು ಹಾಕುವುದು ತಪ್ಪೇ? ಪ್ರಶ್ನೆ ಬರೀ ಹಳೆಯ ಕಾಲದ ಕುಂಬಾರರದ್ದಲ್ಲ. ಚುನಾವಣೆ ಬಂದಾಗ ನಮ್ಮ ಬೀದಿಯ ಫ್ಲೆಕ್ಸ್ ಅಂಗಡಿಯವನು ಮೂರು ಪಕ್ಷಗಳ ಬ್ಯಾನರನ್ನೂ ಒಂದೇ ಯಂತ್ರದಲ್ಲಿ ತೆಗೆಯುತ್ತಾನೆ. ಊರು ಬಿಟ್ಟು ಬಂದು ಯಾವುದೋ ಕಂಪನಿಗೆ ಕೋಡ್ ಬರೆಯುವ, ಜಾಹೀರಾತು ಬರೆಯುವ ನಾವು ಅವನಿಗಿಂತ ಬಹಳ ಬೇರೆಯೇನಲ್ಲ.

ಇದೆಲ್ಲ ಸಾಧ್ಯವಾದದ್ದು ಒಂದು ಸಣ್ಣ ಉಪಾಯದಿಂದ. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಬಣ್ಣ ತುಂಬಿ, ತೆಳು ಕಾಗದಕ್ಕೆ ಒತ್ತಿ, ಆ ಕಾಗದವನ್ನು ಪಾತ್ರೆಯ ಮೈಗೆ ಅಂಟಿಸಿ ಉಜ್ಜುವುದು; ಆಮೇಲೆ ಆವಿಗೆಯಲ್ಲಿ ಸುಡುವುದು. ಲಿವರ್‌ಪೂಲ್‌ನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಆರು ಗಂಟೆಗಳಲ್ಲಿ 1200ಕ್ಕೂ ಹೆಚ್ಚು ಟೈಲ್‌ಗಳಿಗೆ ಹೀಗೆ ಅಚ್ಚು ಹಾಕಿದ್ದಾಗಿ 1756ರಲ್ಲಿ ಪ್ರಮಾಣ ಮಾಡಿ ಹೇಳಿದ್ದರು. ಕೈಯಿಂದ ಬರೆಯುವ ಚಿತ್ರಗಾರ ಒಂದು ಮುಖದ ಮುಂದೆ ಅಷ್ಟು ಹೊತ್ತು ಕೂತಿರಬೇಕು. ತಗಡಿಗೆ ಆ ಕಷ್ಟವಿಲ್ಲ. ಗೌರವ ಆಗ ಡಜನ್ ಲೆಕ್ಕದ ಸರಕಾಯಿತು.

ಸರಕಾದಮೇಲೆ ಅದಕ್ಕೆ ಸೀಸನ್ನೂ ಇರುತ್ತದೆ. 1779ರಲ್ಲಿ ಅಡ್ಮಿರಲ್ ಕೆಪೆಲ್ ಕೋರ್ಟ್ ಮಾರ್ಷಲ್‌ನಲ್ಲಿ ನಿರ್ದೋಷಿ ಎಂದು ಹೊರಬಂದಾಗ ಜನ ಹಬ್ಬ ಮಾಡಿದರು. ಹೆಸರಾಂತ ಪಿಂಗಾಣಿ ತಯಾರಕ ಜೊಸಾಯಾ ವೆಜ್‌ವುಡ್ ಮಾತ್ರ ಕೈಹಿಸುಕಿಕೊಳ್ಳುತ್ತಿದ್ದ. ಎರಡು ಮೂರು ತಿಂಗಳ ಹಿಂದೆಯೇ ಬುದ್ಧಿ ಓಡಿಸಿದ್ದರೆ ಈ ಮಹಾಶಯನ ಮುಖವನ್ನು ಸಾವಿರ ಪೌಂಡಿನಷ್ಟು ಮಾರಬಹುದಿತ್ತಲ್ಲ ಎಂದು ತನ್ನ ಪಾಲುದಾರನಿಗೆ ಪತ್ರ ಬರೆದ. ಇದೇ ವೆಜ್‌ವುಡ್ 1787ರಲ್ಲಿ ಸಂಕೋಲೆ ತೊಟ್ಟು ಮಂಡಿಯೂರಿದ ಗುಲಾಮನ ಚಿತ್ರವಿರುವ ಬಿಲ್ಲೆಯನ್ನು ಮಾಡಿ, ಗುಲಾಮಗಿರಿಯ ವಿರುದ್ಧ ಹೋರಾಡುವವರಿಗೆ ಹಂಚಿದ. ಅದು ಅವನ ನಂಬಿಕೆ. ಕೆಪೆಲ್ ಅವನ ವ್ಯಾಪಾರ. ಒಂದೇ ಮನುಷ್ಯ, ಒಂದೇ ಮಣ್ಣು.

ಬೈಗುಳಕ್ಕೂ ಇದೇ ತಗಡು ಸಾಕಿತ್ತು. ಗಿಲ್‌ರೇಯಂಥವರ ವ್ಯಂಗ್ಯಚಿತ್ರಗಳನ್ನು ನಕಲು ಮಾಡಿ ಜಗ್‌ಗಳ ಮೇಲೆ ನೆಪೋಲಿಯನ್ನನನ್ನು ಗೇಲಿ ಮಾಡಿದರು. ಇನ್ನೂ ಮುಂದೆ ಹೋಗಿ, ರಾತ್ರಿ ಹೊತ್ತು ಮಂಚದ ಕೆಳಗೆ ಇಟ್ಟುಕೊಳ್ಳುವ ಉಚ್ಚೆಪಾತ್ರೆಯ ಒಳಗೂ ಅವನನ್ನು ಕೂರಿಸಿದರು. ನಗು ಬರುತ್ತದೆ, ನಿಜ. ಆದರೆ ಬಾಗಿಲು ಹಾಕಿಕೊಂಡು ಶತ್ರುವಿನ ಮೇಲೆ ಉಚ್ಚೆ ಹೊಯ್ಯುವುದರಲ್ಲಿ ಯಾವ ಧೈರ್ಯವಿದೆ? ಕಾಸು ಕೊಟ್ಟರೆ ಸಿಗುವ ವೀರಾವೇಶ ಅದು. ನಮ್ಮ ಶ್ರೀರಂಗಪಟ್ಟಣಕ್ಕೂ ಈ ಪೇಟೆಗೂ ಒಂದು ನಂಟಿದೆ ಅನ್ನಿ. 1799ರಲ್ಲಿ ಲೂಟಿಯಾಗಿ ಹೋದ ಟಿಪ್ಪುವಿನ ಹುಲಿ ಗೊಂಬೆ 1808ರಿಂದ ಲಂಡನ್ನಿನಲ್ಲಿ ಜನರ ನೋಟಕ್ಕೆ ಸಿಕ್ಕಿತು. ಮುಂದೆ ಸ್ಟಾಫರ್ಡ್‌ಶೈರ್‌ನವರು ಹುಲಿ ಬಾಯಿಗೆ ಸಿಕ್ಕ ಜನರಲ್ ಮನ್ರೋನ ಮಗನ ಸಾವನ್ನು ಮಣ್ಣಿನ ಬೊಂಬೆ ಮಾಡಿ, ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿಡಲು ಮಾರಿದರು. ತಮ್ಮವನೇ ಸತ್ತದ್ದೂ ಅಲಂಕಾರ.

ಹಾಗಾದರೆ ಇವರು ನಿಷ್ಠೆಯಿಲ್ಲದವರೇ? ನಾನು ಅಷ್ಟು ಬೇಗ ಒಪ್ಪುವುದಿಲ್ಲ. 1741ರ ಒಂದು ಉದಾಹರಣೆ ನೋಡಿ. ಎರಡು ವರ್ಷ ಹಿಂದೆ ಪೋರ್ಟೊಬೆಲೊ ಗೆದ್ದಿದ್ದ ಅಡ್ಮಿರಲ್ ವರ್ನನ್ ಈಗಿನ ಕೊಲಂಬಿಯಾದ ಕಾರ್ಟಹೇನಾದ ಮೇಲೆ ದಂಡೆತ್ತಿದ್ದ. ಅದನ್ನೂ ಗೆದ್ದೇಬಿಟ್ಟನೆಂದು ಇಂಗ್ಲೆಂಡಿನಲ್ಲಿ ಪದಕಗಳನ್ನು ಅಚ್ಚು ಹಾಕಿದರು. ಸ್ಪೇನಿನ ಸೇನಾನಿ ಬ್ಲಾಸ್ ದೆ ಲೆಸೊ ವರ್ನನ್ನನ ಮುಂದೆ ಮಂಡಿಯೂರಿದ ಚಿತ್ರ ಅದು. ನಡೆದದ್ದೇ ಬೇರೆ. ವರ್ನನ್ ಸಾವಿರಾರು ಜನರನ್ನು ಕಳೆದುಕೊಂಡು ಹಿಂದಿರುಗಿದ. ಆ ಪದಕ ಮಾಡಿದವರ ದೇಶಭಕ್ತಿಯಲ್ಲಿ ಊನವಿರಲಿಲ್ಲ, ಮಾಡಿದ್ದು ಸುಳ್ಳು. ಹಲ್‌ನ ಜಗ್ ಮಾಡಿದವನಿಗೆ ದೇಶಭಕ್ತಿ ಇತ್ತೋ ಇಲ್ಲವೋ, ಅವನ ಜಗ್ ಹೇಳಿದ ಮಾತು ದಿಟ: 1812ರ ಆಗಸ್ಟ್ 19ರಂದು ‘ಗೆರಿಯರ್’ ಸೋತದ್ದು ಹೌದು. ಇವರಿಬ್ಬರಲ್ಲಿ ಒಬ್ಬನನ್ನು ಕ್ಷಮಿಸು ಎಂದರೆ ನಾನು ಜಗ್‌ನವನನ್ನೇ ಕ್ಷಮಿಸುತ್ತೇನೆ.

ಇನ್ನೊಂದು ಸಂಗತಿ ಈ ವಾದಕ್ಕೆ ಬಲ ಕೊಡುತ್ತದೆ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರ್‌ನಲ್ಲಿ ಮತದ ಹಕ್ಕು ಕೇಳಲು ಸೇರಿದ ಸುಮಾರು 60,000 ಜನರ ನಡುವೆ ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ನೂರಾರು ಜನ ಗಾಯಗೊಂಡರು, ಹದಿನೈದಕ್ಕೂ ಹೆಚ್ಚು ಮಂದಿ ಸತ್ತರು. ಸರ್ಕಾರ ಅಲ್ಲಿನ ಮ್ಯಾಜಿಸ್ಟ್ರೇಟರಿಗೆ ರಾಜಪ್ರತಿನಿಧಿಯ ಧನ್ಯವಾದ ತಲುಪಿಸಿತು. ಕುಂಬಾರರು ಜಗ್ ಮಾಡಿದರು, ಮೇಲೆ ಅಂದಿನ ಭಾಷಣಕಾರ ಹೆನ್ರಿ ಹಂಟ್‌ನ ಮುಖ, ಕತ್ತಿ ಎತ್ತಿದ ಸವಾರರು, ಕೊಲೆ ಎಂಬ ಮಾತು. ನಿಷ್ಠೆಯೊಂದೇ ಕುಂಬಾರರ ಅಳತೆಗೋಲಾಗಿದ್ದರೆ ಈ ಜಗ್ ಆವಿಗೆಯನ್ನೇ ಕಾಣುತ್ತಿರಲಿಲ್ಲ. ಯಾರಿಗೂ ಕಟ್ಟುಬೀಳದ ಆ ವ್ಯಾಪಾರಬುದ್ಧಿಯೇ ಸರ್ಕಾರ ಮರೆಸಲು ಬಯಸಿದ್ದನ್ನು ಅಡುಗೆಮನೆಗಳಲ್ಲಿ ಉಳಿಸಿತು.

ಇಷ್ಟು ಹೇಳಿಯೂ ನನ್ನ ಇರುಸುಮುರುಸು ಹೋಗಿಲ್ಲ, ಅದು ಬೇರೆ ಕಡೆಗೆ ಸರಿದಿದೆ. 1812ರ ಯುದ್ಧಕ್ಕೆ ಒಂದು ಕಾರಣ, ಬ್ರಿಟಿಷ್ ನೌಕಾಪಡೆ ಅಮೆರಿಕದ ಹಡಗುಗಳನ್ನು ತಡೆದು ಸಾವಿರಾರು ನಾವಿಕರನ್ನು ಹಿಡಿದೊಯ್ದು ದುಡಿಸಿಕೊಂಡದ್ದು. ತನ್ನ ಬಂದರುಗಳಿಂದಲೂ ಅದು ಹಾಗೆಯೇ ಜನರನ್ನು ಎಳೆದೊಯ್ಯುತ್ತಿತ್ತು. ನೆಲ್ಸನ್ನನ ಹಡಗುಗಳಲ್ಲಿ ತೋಪು ಎಳೆದವರಲ್ಲಿ ಇಂಥವರೂ ಇದ್ದರು. ಜಗ್‌ಗಳ ಮೇಲೆ ಸಾಮಾನ್ಯ ನಾವಿಕನೂ ಬರುತ್ತಾನೆ. ‘ನಾವಿಕನ ವಿದಾಯ’ ಎಂಬ ಚಿತ್ರ ಬಹಳ ಓಡುತ್ತಿತ್ತು: ದಡದಲ್ಲಿ ಹೆಂಡತಿ, ದೂರದಲ್ಲಿ ಹಡಗು, ಅವನ ಮುಖದಲ್ಲಿ ಹದವಾದ ದುಃಖ. ಹಗ್ಗ ಹಿಡಿದು ಎಳೆಯುವವರು ಆ ಚಿತ್ರದಲ್ಲಿ ಇಲ್ಲ. ಅವನಿಗೆ ಹೆಸರೂ ಇಲ್ಲ. ಕೊಳ್ಳುವವರು ತಮ್ಮ ಮನೆಯವನ ಹೆಸರನ್ನು ಅವನಿಗೆ ಇಟ್ಟುಕೊಳ್ಳಬೇಕು.

ಅಚ್ಚಿನ ಕಾಗದವನ್ನು ಕತ್ತರಿಸಿ ಕೊಡುತ್ತಿದ್ದವರು ಹೆಚ್ಚಾಗಿ ಚಿಕ್ಕ ಹುಡುಗಿಯರು. ಅಂಟಿಸಿ ಉಜ್ಜುತ್ತಿದ್ದವರು ಹೆಂಗಸರು. ನೆಲ್ಸನ್ನನಾಗಲಿ ಡೆಕಟರ್ ಆಗಲಿ, ಕಾಗದ ಹರಿಯದಂತೆ, ಮೂಗು ಸೊಟ್ಟಗಾಗದಂತೆ ಕೂರಿಸಬೇಕಿತ್ತು. ಯಾರ ಮುಖ ಅಂಟಿಸಬೇಕೆಂದು ಅವರನ್ನು ಕೇಳುವವರಿರಲಿಲ್ಲ.