ಬಸ್ಸಿನಿಂದ ಇಳಿದವರ ದನಿ

ಹೊಸ ಕಾರು ತಗೊಂಡವನನ್ನು ಬೆಂಗಳೂರಿನಲ್ಲಿ ಜನ ಮೂರು ಪ್ರಶ್ನೆ ಕೇಳ್ತಾರೆ. ಆನ್‌ರೋಡ್ ಎಷ್ಟಾಯ್ತು? ಮೈಲೇಜ್ ಎಷ್ಟು ಬರುತ್ತೆ? ಈ ಕಾಲದಲ್ಲಿ ಡೀಸೆಲ್ ಯಾಕೆ? ಮೊದಲೆರಡಕ್ಕೆ ಉತ್ತರ ಅಂಕಿಯಲ್ಲಿದೆ. ಮೂರನೆಯದಕ್ಕೆ ನಮ್ಮ ಕಡೆಯವರೆಲ್ಲರ ಹತ್ತಿರ ಒಂದೇ ಉತ್ತರ: "ಊರಿಗೆ ಹೋಗ್ಬೇಕಲ್ಲಪ್ಪ." ನಮ್ಮ ಕಡೆ ಅಂದ್ರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯ ಬರದ ಮಗ್ಗಲು.

ನಾನೂ ಇದೇ ಉತ್ತರ ಕೊಟ್ಟು ಡೀಸೆಲ್ ಎಸ್‌ಯುವಿ ತಗೊಂಡವನು. ಉತ್ತರ ಸುಳ್ಳಲ್ಲ. ಆದರೆ ಅದು ನಿಜ ಅಂತಾದ್ರೆ ನಮ್ಮ ಹೆಗಲ ಮೇಲೆ ಇನ್ನೇನು ಬೀಳುತ್ತೆ ಅನ್ನೋದನ್ನ ಯಾರೂ ಕೇಳೋದಿಲ್ಲ. ಈ ಬರಹ ಅದರ ಬಗ್ಗೆ.

ಮೊದಲು ದುಡ್ಡಿನ ಲೆಕ್ಕ ಮುಗಿಸೋಣ. ಕ್ರೆಟಾ, ಸೆಲ್ಟೋಸ್, ಹ್ಯಾರಿಯರ್, ಸ್ಕಾರ್ಪಿಯೋ-ಎನ್, ಯಾವುದೇ ಇರಲಿ, ಮನೆ ಮುಂದೆ ಬಂದು ನಿಲ್ಲುವಷ್ಟರಲ್ಲಿ 20 ಲಕ್ಷದ ಆಚೆ ಈಚೆ ಆಗುತ್ತೆ. 15 ಲಕ್ಷ ಸಾಲ, ಶೇ. 9 ಬಡ್ಡಿ, 5 ವರ್ಷ ಅಂದ್ರೆ ತಿಂಗಳ ಕಂತು 31,000 ರೂಪಾಯಿ ಚಿಲ್ಲರೆ. ಈ ಸಂಖ್ಯೆಯನ್ನ ಪಾವಗಡಕ್ಕೆ ತಗೊಂಡು ಹೋಗಿ ನೋಡಿ. ಅಲ್ಲಿ ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಜಮೀನು ರೈತರದೇ, ಗುತ್ತಿಗೆಗೆ ಕೊಟ್ಟಿದ್ದಾರೆ. ಶುರುವಿನಲ್ಲಿ ಗೊತ್ತಾದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಆ ಶುರುವಿನ ದರದಲ್ಲಿ ಲೆಕ್ಕ ಹಾಕಿದ್ರೆ ಕಾರಿನ ಒಂದು ತಿಂಗಳ ಕಂತು ಅಲ್ಲಿನ ಒಂದು ಎಕರೆಯ ಒಂದೂವರೆ ವರ್ಷದ ಗುತ್ತಿಗೆ. ದುಡಿದ ಸಂಬಳಕ್ಕೆ ಯಾರೂ ನಾಚಿಕೊಳ್ಳಬೇಕಿಲ್ಲ. ಊರಿನ ಹೆಸರು ಹೇಳಿ ಎಷ್ಟು ದೊಡ್ಡ ವಸ್ತು ಕೊಳ್ತಿದ್ದೀವಿ ಅನ್ನೋ ಅಂದಾಜು ಇರಲಿ, ಅಷ್ಟೇ.

ಇನ್ನು ಊರಿನ ಕಾರಣ ಎಷ್ಟು ಗಟ್ಟಿ? ಇದನ್ನ ಅಳೆಯೋಕೆ ಡೀಸೆಲ್ ಕಾರಿನಲ್ಲೇ ಒಂದು ಸಾಧನ ಇದೆ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅನ್ನೋ ಜರಡಿ ಇರುತ್ತೆ. ಮಸಿಯನ್ನ ಅದು ಹಿಡಿದಿಟ್ಟುಕೊಳ್ಳುತ್ತೆ. ಆ ಮಸಿ ಸುಟ್ಟು ಹೋಗಬೇಕು ಅಂದ್ರೆ ಹೊಗೆ ಚೆನ್ನಾಗಿ ಬಿಸಿಯಾಗಬೇಕು, ಅಂದ್ರೆ ಹೆದ್ದಾರಿಯಲ್ಲಿ ಒಂದು ಸಮ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ದಿನಾ ಮನೆಯಿಂದ ಆಫೀಸಿಗೆ ಐದು ಕಿಲೋಮೀಟರ್ ತೆವಳಿಸಿದರೆ ಮಸಿ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತೆ. ಊರಿಗೆ ಅಂತ ಕೊಂಡವನು ಊರಿಗೆ ಹೋಗದಿದ್ದರೆ ಕಾರೇ ನೆನಪಿಸುತ್ತೆ. ಮನುಷ್ಯರು ಇಷ್ಟು ನೇರವಾಗಿ ಹೇಳೋದಿಲ್ಲ.

ಊರಿನ ಹೆಸರು ಹೇಳಿ ಪೇಟೆಯವರು ಲಾಭ ಮಾಡಿಕೊಳ್ಳೋದು ಹೊಸದಲ್ಲ. 2014ರ ಅಕ್ಟೋಬರ್‌ವರೆಗೆ ಡೀಸೆಲ್ ಬೆಲೆಯನ್ನ ಸರ್ಕಾರ ತಗ್ಗಿಸಿ ಇಟ್ಟಿತ್ತು. ಯಾರಿಗಾಗಿ? ರೈತನ ಪಂಪ್‌ಸೆಟ್ಟು, ಟ್ರ್ಯಾಕ್ಟರು, ಬಸ್ಸು, ಲಾರಿಗಾಗಿ. ಅದೇ ಬಂಕಿನಲ್ಲಿ, ಅದೇ ಬೆಲೆಗೆ ದೊಡ್ಡ ಕಾರುಗಳೂ ಟ್ಯಾಂಕ್ ತುಂಬಿಸಿಕೊಂಡು ಹೋದವು. 2010ರಲ್ಲಿ ಕಿರೀಟ್ ಪಾರಿಖ್ ಸಮಿತಿ ಡೀಸೆಲ್ ಕಾರಿನ ಮೇಲೆ 80,000 ರೂಪಾಯಿ ಹೆಚ್ಚುವರಿ ಸುಂಕ ಹಾಕಿ ಅಂತ ಸಲಹೆ ಕೊಟ್ಟದ್ದು ಇದೇ ಕಾರಣಕ್ಕೆ. ಸಬ್ಸಿಡಿ ಹೋಯ್ತು, ಆದರೆ ಕಾರು ಕೊಳ್ಳುವಾಗ ಊರನ್ನ ಮುಂದಿಡೋ ಅಭ್ಯಾಸ ಉಳಿದುಕೊಂಡಿದೆ.

ಹಾಗಂತ ಊರಿನ ಕಾರಣ ಬರೀ ನೆಪ ಅಂತ ತಳ್ಳಿಹಾಕೋಕೂ ಆಗಲ್ಲ. ಅದರಲ್ಲಿ ಒಂದು ಗಟ್ಟಿಯಾದ ಭಯ ಇದೆ. 2022ರ ಎರಡು ದಿನಗಳನ್ನ ನಮ್ಮ ಕಡೆಯವರು ಮರೆಯೋದು ಕಷ್ಟ. ಮಾರ್ಚ್ 19ರಂದು ಪಾವಗಡಕ್ಕೆ ಬರ್ತಿದ್ದ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆ ಹತ್ತಿರ ಮಗುಚಿತು. ಬಸ್ಸು ಕಿಕ್ಕಿರಿದಿತ್ತು. ಸತ್ತವರಲ್ಲಿ ಕಾಲೇಜಿಗೆ ಹೊರಟಿದ್ದ ಮಕ್ಕಳಿದ್ದರು. ಆಗಸ್ಟ್ 25ರ ಬೆಳಗಿನ ಜಾವ ರಾಯಚೂರು ಕಡೆಯಿಂದ ಕೂಲಿಗೆ ಬೆಂಗಳೂರಿಗೆ ಬರ್ತಿದ್ದವರ ಕ್ರೂಸರ್ ಶಿರಾ ತಾಲ್ಲೂಕಿನ ಬಾಲೇನಹಳ್ಳಿ ಹತ್ತಿರ ಹೆದ್ದಾರಿಯಲ್ಲಿ ಲಾರಿಗೆ ಡಿಕ್ಕಿ ಹೊಡೆಯಿತು. ಒಂದೇ ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ತುಂಬಿಕೊಂಡಿದ್ದರು. 9 ಜನ ಸತ್ತರು.

ಇಂಥ ಸುದ್ದಿ ಓದಿದ ರಾತ್ರಿ ಯಾವ ಅಪ್ಪನಾದರೂ ಏನು ಯೋಚಿಸ್ತಾನೆ? ನನ್ನ ಮಕ್ಕಳನ್ನ ಆ ಬಸ್ಸಿಗೆ ಹತ್ತಿಸಬಾರದು ಅಂತ. ಶೋರೂಮಿನಲ್ಲಿ ಆರು ಏರ್‌ಬ್ಯಾಗು, ಕ್ರ್ಯಾಶ್ ಟೆಸ್ಟಿನ ಐದು ಸ್ಟಾರು ಅಂತ ಹೇಳುವಾಗ ನಮ್ಮ ಕಿವಿ ಚುರುಕಾಗೋದು ಅದಕ್ಕೇ. ಇದರಲ್ಲಿ ತಪ್ಪೇನೂ ನನಗೆ ಕಾಣೋದಿಲ್ಲ. ತತ್ವಕ್ಕೋಸ್ಕರ ಮಗೂನ ಫುಟ್‌ಬೋರ್ಡ್ ಮೇಲೆ ನಿಲ್ಲಿಸು ಅಂತ ಯಾವ ನೀತಿಯೂ ಹೇಳಲಾರದು.

ನನ್ನ ಪ್ರಶ್ನೆ ಶುರುವಾಗೋದು ಇದಾದ ಮೇಲೆ. ರಸ್ತೆ ಸರಿಯಿಲ್ಲ, ಬಸ್ಸು ನಂಬೋ ಹಾಗಿಲ್ಲ, ಅದಕ್ಕೇ ಕಾರು ತಗೊಂಡೆ ಅಂತೀನಿ. ಸರಿ. ಆ ರಸ್ತೆ, ಆ ಬಸ್ಸು ನನ್ನೊಬ್ಬನದಾ? ಹಿಂದಿನ ಮನೆ ಹುಡುಗಿ ದಿನಾ ಪಿಯುಸಿಗೆ ಮಧುಗಿರಿಗೆ ಹೋಗೋದೂ ಅದರಲ್ಲೇ. ನಾನು ಕೊಟ್ಟ ಕಾರಣ ನನ್ನ ವಿಷಯದಲ್ಲಿ ನಿಜವಾದರೆ ಅವಳ ವಿಷಯದಲ್ಲೂ ನಿಜ. ಕಾರಣ ಇಬ್ಬರದು, ಪರಿಹಾರ ಮಾತ್ರ ನನ್ನೊಬ್ಬನದು. ಬೇರೆಯವರ ಕಷ್ಟವನ್ನೂ ಸೇರಿಸಿಕೊಂಡು ವಾದ ಮಾಡಿ, ಅದರಿಂದ ಸಿಕ್ಕಿದ್ದನ್ನ ನಾನೊಬ್ಬನೇ ಇಟ್ಟುಕೊಂಡಂತೆ ಆಯ್ತಲ್ಲ?

ಆಲ್ಬರ್ಟ್ ಹಿರ್ಷ್‌ಮನ್ ಅಂತ ಒಬ್ಬ ಅರ್ಥಶಾಸ್ತ್ರಜ್ಞ ಇದ್ದರು. 1970ರಲ್ಲಿ ಅವರದೊಂದು ಸಣ್ಣ ಪುಸ್ತಕ ಬಂತು, ಅದರ ಹೆಸರು 'ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ'. ಅವರನ್ನ ಈ ಯೋಚನೆಗೆ ಹಚ್ಚಿದ್ದು ನೈಜೀರಿಯಾದ ರೈಲು. ಉತ್ತರದಲ್ಲಿ ಬೆಳೆದ ಕಡ್ಲೆಕಾಯಿ ಸುಮಾರು 800 ಮೈಲಿ ದೂರದ ಬಂದರಿಗೆ ಹೋಗಬೇಕಿತ್ತು. ಅಷ್ಟು ದೂರಕ್ಕೆ, ಅಷ್ಟು ಭಾರಕ್ಕೆ ರೈಲೇ ಸರಿ. ಆದರೂ ಲಾರಿಗಳು ರೈಲನ್ನ ಹಿಂದೆ ಹಾಕುತ್ತಿದ್ದವು. ಪೈಪೋಟಿ ಬಂದ ಮೇಲಾದರೂ ರೈಲಿನವರು ಯಾಕೆ ಸುಧಾರಿಸಲಿಲ್ಲ ಅಂತ ಹಿರ್ಷ್‌ಮನ್ ಯೋಚಿಸಿದರು. ಅವರಿಗೆ ಹೊಳೆದ ಕಾರಣ: ರೈಲು ಕೆಟ್ಟಾಗ ಜೋರಾಗಿ ಗಲಾಟೆ ಮಾಡಬಲ್ಲ ಗಿರಾಕಿಗಳೇ ಮೊದಲು ಲಾರಿಗೆ ಹೋಗಿಬಿಟ್ಟರು. ಉಳಿದವರಿಗೆ ಗಲಾಟೆ ಮಾಡುವ ಶಕ್ತಿ ಇರಲಿಲ್ಲ. ರೈಲಿನವರಿಗೆ ಬಿಸಿ ತಟ್ಟಲೇ ಇಲ್ಲ.

ಇದನ್ನ ಓದಿದಾಗ ನನಗೆ ನೆನಪಾದದ್ದು ನಮ್ಮ ರೈಲು. ಕಡ್ಲೆಕಾಯಿ ನಮ್ಮ ಶಿರಾ, ಪಾವಗಡದ ಬೆಳೆಯೂ ಹೌದು. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ರಾಯದುರ್ಗಕ್ಕೆ ಹೋಗುವ ಸುಮಾರು 200 ಕಿಲೋಮೀಟರ್ ರೈಲು ಮಾರ್ಗ 2007-08ರಲ್ಲಿ ಮಂಜೂರಾಯ್ತು. ಆಗ ಹುಟ್ಟಿದ ಮಗು ಈಗ ಡ್ರೈವಿಂಗ್ ಲೈಸೆನ್ಸ್‌ಗೆ ಅರ್ಜಿ ಹಾಕೋ ವಯಸ್ಸಿನಲ್ಲಿದೆ. ರಾಯದುರ್ಗದ ಕಡೆಯಿಂದ ಸ್ವಲ್ಪ ದೂರ ಹಳಿ ಬಂದಿದೆ, ಮಧುಗಿರಿಯ ಜನ ಇನ್ನೂ ತಮ್ಮೂರಲ್ಲಿ ರೈಲು ಹತ್ತಿಲ್ಲ. ಭೂಸ್ವಾಧೀನ, ಹಣ, ರಾಜ್ಯ-ಕೇಂದ್ರದ ಪಾಲು ಅಂತ ಇದಕ್ಕೆ ನೂರು ಕಾರಣ ಇರಬಹುದು. ನನಗೆ ಗೊತ್ತಿರೋ ಒಂದು ವಿಷಯ ಹೇಳ್ತೀನಿ. ಬೆಂಗಳೂರಿನಲ್ಲಿರುವ ನಮ್ಮೂರ ಕಡೆಯ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಮೊದಲು "ರೈಲು ಯಾವಾಗ ಬರುತ್ತೆ?" ಅಂತ ವಾರಕ್ಕೊಂದು ಜಗಳ ನಡೀತಿತ್ತು. ಈಗ ದಂಡಿನ ಮಾರಮ್ಮನ ಗುಡಿ ಮುಂದೆ ಹೂವಿನ ಹಾರ ಹಾಕಿದ ಹೊಸ ಕಾರಿನ ಫೋಟೋ ಬರುತ್ತೆ, ಕೆಳಗೆ ಐವತ್ತು ಜನರ ಶುಭಾಶಯ. ರೈಲಿನ ಮಾತು ನಿಂತಿದೆ.

ನಾವು ಬಿ.ಇ. ಓದುವಾಗ ಸಂಜೆ ಬಸ್ಸೊಂದು ಇದ್ದಕ್ಕಿದ್ದಂತೆ ಬರೋದು ನಿಲ್ಲಿಸಿತ್ತು. ಹದಿನೈದಿಪ್ಪತ್ತು ಹುಡುಗರು ಹೋಗಿ ಸಂಬಂಧಪಟ್ಟವರ ಮುಂದೆ ಕೂತೆವು. ಒಬ್ಬ ಇಂಗ್ಲಿಷಿನಲ್ಲಿ ಅರ್ಜಿ ಬರೆದ, ಇನ್ನೊಬ್ಬನ ಸೋದರಮಾವ ಪತ್ರಿಕೆಗೆ ಸುದ್ದಿ ಕಳಿಸೋರು, ಅವರಿಗೆ ಫೋನ್ ಮಾಡಿದೆವು. ಎರಡು ವಾರಕ್ಕೆ ಬಸ್ಸು ಬಂತು. ಆ ಹುಡುಗರಲ್ಲಿ ಈಗ ಬಹುತೇಕ ಎಲ್ಲರ ಹತ್ತಿರ ಕಾರಿದೆ. ಅರ್ಜಿ ಬರೆಯೋಕೆ ಬರುವವರು, ಅಧಿಕಾರಿ ಮುಂದೆ ಕುರ್ಚಿ ಎಳೆದು ಕೂರೋಕೆ ಹೆದರದವರು ಒಬ್ಬೊಬ್ಬರಾಗಿ ಬಸ್ಸಿನಿಂದ ಇಳಿದು ಹೋದೆವು. ಬಸ್ಸಿನಲ್ಲಿ ಉಳಿದವರು ಯಾರು? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ದುಡ್ಡು ಕೊಡದೆ ಓಡಾಡುವ ನಮ್ಮ ಅಮ್ಮಂದಿರು, ಗಾರ್ಮೆಂಟ್ಸಿಗೆ ಹೋಗೋ ಅಕ್ಕಂದಿರು, ಕಾಲೇಜು ಮಕ್ಕಳು, ಮುದುಕರು. "ಬಿಟ್ಟಿ ಬಸ್ಸಲ್ಲಿ ಹೋಗೋರು, ಇದ್ದಷ್ಟರಲ್ಲಿ ಹೊಂದ್ಕಂಡು ಹೋಗ್ರಮ್ಮ" ಅಂದ್ರೆ ಅವರು ಸುಮ್ಮನಾಗ್ತಾರೆ.

ಬಸ್ಸಿನಲ್ಲಿ ಇನ್ನೊಂದಿತ್ತು. ಪಕ್ಕದಲ್ಲಿ ಯಾರು ಕೂರ್ತಾರೆ ಅನ್ನೋದನ್ನ ಅಲ್ಲಿ ನಾನು ತೀರ್ಮಾನ ಮಾಡೋ ಹಾಗಿರಲಿಲ್ಲ. ಯಾವ ಕೇರಿಯವರಾದರೂ ಸೀಟು ಖಾಲಿ ಇದ್ದರೆ ಕೂರೋರು, ತೊಡೆ ಮೇಲೆ ಬ್ಯಾಗ್ ಇಡೋರು. ಕಾರಿನಲ್ಲಿ ಆ ತೀರ್ಮಾನ ನನ್ನ ಕೈಗೆ ಬಂದಿದೆ. ಊರಲ್ಲಿ ಇದನ್ನ ಜನ ಗಮನಿಸ್ತಾರೆ. ಗೊರವನಹಳ್ಳಿಗೆ ಹೊರಟ ಕಾರು ಯಾರ ಮನೆ ಮುಂದೆ ನಿಂತಿತು, ಯಾರ ಕೇರಿ ಮುಂದೆ ಗಾಜು ಏರಿಸಿಕೊಂಡು ಹೋಯ್ತು ಅನ್ನೋದು ಸಂಜೆಯೊಳಗೆ ಕಟ್ಟೆ ಮೇಲೆ ಮಾತಾಗುತ್ತೆ. ಪೇಟೆಯ ಅಪಾರ್ಟ್‌ಮೆಂಟಿನಲ್ಲಿ ಕಾರು ನನ್ನ ಖಾಸಗಿ ವಸ್ತು. ಊರಿನಲ್ಲಿ ಖಾಲಿ ಸೀಟು ಅಂದ್ರೆ ಅದು ಯಾರಿಗೋ ಕೊಡದೆ ಇಟ್ಟುಕೊಂಡ ಜಾಗ.

ಇದನ್ನ ಆಫೀಸಿನಲ್ಲಿ ಹೇಳಿದಾಗ ಗೆಳೆಯನೊಬ್ಬ ತೆರಿಗೆ ಲೆಕ್ಕ ತೆಗೆದ. ನಾಲ್ಕು ಮೀಟರಿಗಿಂತ ಉದ್ದದ ಕಾರಿಗೆ ಶೇ. 40 ಜಿಎಸ್‌ಟಿ. ಅದರ ಮೇಲೆ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್, 10ರಿಂದ 20 ಲಕ್ಷದ ಕಾರಿಗೆ ಶೇ. 17, ಅದಕ್ಕೆ ಸೆಸ್. ಆಮೇಲೆ ಟೋಲು, ಪ್ರತಿ ಲೀಟರ್ ಡೀಸೆಲ್‌ನಲ್ಲೂ ಇನ್ನೊಂದು ಪಾಲು. "ಇಷ್ಟು ಕಟ್ಟಿದ ಮೇಲೆ ಬಸ್ಸು ಬಿಡೋದು ಸರ್ಕಾರದ ಕೆಲಸ ಮಗಾ, ನಿಂದಲ್ಲ" ಅಂದ. ಅವನ ಲೆಕ್ಕ ಸರಿ. ಬಸ್ಸು ಬಿಡೋದು ಸರ್ಕಾರದ ಕೆಲಸವೇ. ಆದರೆ ಸರ್ಕಾರ ಕೇಳಿಸಿಕೊಳ್ಳೋದು ಮಾತಾಡುವವರನ್ನ. ತೆರಿಗೆ ಕಟ್ಟಿದ ರಸೀದಿ ನನ್ನ ಪರವಾಗಿ ಹೋಗಿ ಮಾತಾಡಲ್ಲ.

ಇನ್ನೊಬ್ಬಳು ಸಹೋದ್ಯೋಗಿ ಪ್ಯಾರಿಸ್ ಕಡೆ ಕೈ ತೋರಿಸಿದಳು. ಅಲ್ಲಿ 2024ರ ಫೆಬ್ರವರಿಯಲ್ಲಿ ಹೊರಗಿನಿಂದ ಬರುವ ಭಾರಿ ಕಾರುಗಳ ಪಾರ್ಕಿಂಗ್ ಶುಲ್ಕ ಮೂರು ಪಟ್ಟು ಮಾಡೋಣವೇ ಅಂತ ಜನಮತ ಕೇಳಿದರು. ಮತ ಹಾಕಿದ್ದು ಕಡಿಮೆ ಜನ, ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೌದು ಅಂದರು. "ದೊಡ್ಡ ಕಾರು ಕೊಳ್ಳೋದೇ ತಪ್ಪು" ಅಂತ ಅವಳ ವಾದ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತೆ ಅನ್ನೋದೂ, ಒಂದೂವರೆ ಟನ್ ದಾಟಿದ ಗಾಡಿ ಟಿವಿಎಸ್ ಎಕ್ಸ್‌ಎಲ್‌ಗೆ ತಾಗಿದರೆ ಏನಾಗುತ್ತೆ ಅನ್ನೋದೂ ನನಗೆ ಗೊತ್ತು. ಊರ ರಸ್ತೆಯಲ್ಲಿ ನನ್ನ ಆರು ಏರ್‌ಬ್ಯಾಗಿನಲ್ಲಿ ಒಂದೂ ಆ ಎಕ್ಸ್‌ಎಲ್‌ನವನಿಗಾಗಿ ಇಲ್ಲ, ಹಾಗಾಗಿ ಎದುರಿಗೆ ಅವನು ಬಂದಾಗ ನಿಧಾನ ಮಾಡೋದೂ ಹೈಬೀಮ್ ಇಳಿಸೋದೂ ನನ್ನ ಕೆಲಸ. ಆದರೆ ಪ್ಯಾರಿಸ್‌ನಲ್ಲಿ ಕಾರು ಬಿಟ್ಟವನಿಗೆ ಮೆಟ್ರೋ ಇದೆ. ಪಾವಗಡದಲ್ಲಿ ಕಾರು ಬಿಟ್ಟವನು ರಾತ್ರಿ ಎಂಟರ ಮೇಲೆ ಅಪ್ಪನನ್ನ ನೂರು ಕಿಲೋಮೀಟರ್ ದೂರದ ತುಮಕೂರಿಗೆ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಾದರೆ? ಕಾರು ಬೇಡ ಅನ್ನಬೇಕಾದರೆ ಮೊದಲು ಆ ಪ್ರಶ್ನೆಗೆ ಉತ್ತರ ಇರಬೇಕು. ಉತ್ತರ ಹುಟ್ಟಬೇಕಾದ್ರೆ ಕಾರಿರೋರೂ ಬಸ್ಸಿನ ಬಗ್ಗೆ ಮಾತಾಡಬೇಕು.

ನಾನು ಬಂದು ನಿಂತಿರೋದು ಇಲ್ಲಿಗೆ. ಕಾರು ಮಾರಬೇಕಿಲ್ಲ. ಊರಿನ ಕಾರಣ ಕೊಟ್ಟು ಕೊಂಡ ಮೇಲೆ ಆ ಕಾರಣದ ಪಾಲುದಾರರನ್ನ ಬಿಟ್ಟು ಹೋಗೋ ಹಾಗಿಲ್ಲ. ಇದರಲ್ಲಿ ತ್ಯಾಗ ಏನೂ ಇಲ್ಲ. ನಮ್ಮೂರಿಗೆ ಎಷ್ಟು ಬಸ್ಸು ಬರುತ್ತೆ, ಕೊನೆಯದು ಎಷ್ಟೊತ್ತಿಗೆ ಅಂತ ಗೊತ್ತಿರಬೇಕು. ಒಬ್ಬನೇ ಹೋಗುವಾಗ ಆಗಾಗ ಬಸ್ಸಿಗೇ ಹೋಗಬೇಕು, ಇಲ್ಲದಿದ್ದರೆ ದೂರುವುದಕ್ಕೆ ವಿಷಯವೂ ಗೊತ್ತಿರಲ್ಲ. ಗೇಟಿನಲ್ಲಿ ನಿಂತವರು ಯಾವ ಕೇರಿಯವರು ಅಂತ ನೋಡದೆ ಬಾಗಿಲು ತೆಗೀಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದಿನಕ್ಕೆ ಹತ್ತು ಗಂಟೆ ಬೇರೆಯವರ ಕಂಪನಿಗೆ ಇಮೇಲ್ ಬರೆಯೋ ಕೈ ತಿಂಗಳಿಗೊಂದು ಸಲ ಊರಿನ ಬಸ್ಸಿಗೆ, ಊರಿನ ರೈಲಿಗೆ ಒಂದು ಅರ್ಜಿ ಬರೀಬೇಕು.

ಕಳೆದ ತಿಂಗಳು ನಮ್ಮ ಗುಂಪಿನ ನಾಲ್ಕು ಜನ ಸೇರಿ ಸಂಜೆ ಆರೂವರೆಗೆ ಇನ್ನೊಂದು ಬಸ್ಸು ಬೇಕು ಅಂತ ಅರ್ಜಿ ತಯಾರು ಮಾಡಿದೆವು. ಸಹಿ ಹಾಕಿಸೋಕೆ ಊರಲ್ಲಿ ಮನೆ ಮನೆಗೆ ಹೋದಾಗ ಹಿಂದಿನ ಮನೆ ಹುಡುಗಿ ಹಾಳೆ ಪೂರ್ತಿ ಓದಿ, ತನ್ನ ಸಹಿ ಹಾಕಿ, ನನ್ನ ಹೆಸರಿನ ಮೇಲೆ ಬೆರಳಿಟ್ಟಳು.

"ಅಣ್ಣ, ನೀನು ಬಸ್ಸಲ್ಲಿ ಬರಾದೇ ಇಲ್ವಲ್ಲ. ನಿನ್ ಸೈನು ಆಯ್ತದಾ?"

ಆಗುತ್ತೆ ಕಣವ್ವ, ನನ್ನ ಸೈನು ಬೇಕಾಗಿರೋದೇ ಅದಕ್ಕೆ ಅಂದೆ. ಅವಳಿಗೆ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಅರ್ಜಿ ಮೊನ್ನೆ ಸೋಮವಾರ ಕೊಟ್ಟಿದ್ದೇವೆ. ಮುಂದಿನ ಸೋಮವಾರ ಏನಾಯ್ತು ಅಂತ ಕೇಳೋಕೆ ಹೋಗುವ ಪಾಳಿ ನನ್ನದು.